ಹದ್ದಿನ ಖಾನಾವಳಿ

ಕಾರಿನ ಹಿಂದಿನ ಸೀಟಿನಲ್ಲಿ ಬನಶಂಕರಿಯ ಪ್ರಸಾದ, ಉಡಿ ತುಂಬಿಸಿಕೊಂಡ ಕುಬಸದ ಖಣ, ಹಣ್ಣಾದ ಬಾಳೆಯ ಗೊನೆ ಇದ್ದವು. ಅವುಗಳ ವಾಸನೆಯನ್ನೆಲ್ಲ ಒಂದೇ ಸಲಕ್ಕೆ ನುಂಗಿಕೊಂಡು ಸತ್ತ ದನದ ನಾತ ಒಳಗೆ ಬಂತು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ನಮ್ಮವರು ಗಾಜನ್ನು ಪೂರ್ತಿ ಇಳಿಸಿದರು. "ಸ್ವಲ್ಪ ನಿಲ್ಲಸಪಾ" ಎಂದು ಡ್ರೈವರನ ಭುಜ ತಟ್ಟಿ, ಕಾರು ಸರಿಯಾಗಿ ನಿಲ್ಲುವ ಮೊದಲೇ ಇಳಿದು, ಮೊದಲು ಆಕಾಶ ನೋಡಿದರು. ಆಮೇಲೆ ನಾತ ಬರುತ್ತಿದ್ದ ಹೊಲದ ಕಡೆಗೆ ನಡೆದರು.

ಅದು ಎರಡು ಸಾವಿರದ ಎಂಟರ ಮಳೆಗಾಲ, ಬಾದಾಮಿಯಿಂದ ಗುಳೇದಗುಡ್ಡಕ್ಕೆ ಹೋಗುವ ದಾರಿ. ನಾನು ಕಾರಿನಲ್ಲೇ ಕುಳಿತು ಎಡಗಡೆಯ ಕೆಂಪು ಗುಡ್ಡ ನೋಡುತ್ತಿದ್ದೆ. ಆ ಗುಡ್ಡದ ಬುಡದಲ್ಲಿ ನಾವು ಮೂರು ವರ್ಷ ಸಂಸಾರ ಮಾಡಿದ್ದೆವು. ನನಗೆ ಅದರಲ್ಲಿ ಒಂದೇ ವರ್ಷ ನೆನಪಿದೆ. ತೊಂಬತ್ತೊಂಬತ್ತರ ಕಾರಹುಣ್ಣಿಮೆಯಿಂದ ಮುಂದಿನ ಹೋಳಿಹುಣ್ಣಿಮೆಯವರೆಗಿನದು. ಆಗ ಈ ಕಡೆ ಇಂಥ ನಾತ ಇರುತ್ತಿರಲಿಲ್ಲ. ದನ ಸಾಯುತ್ತಿರಲಿಲ್ಲ ಎಂದಲ್ಲ. ಮುಂಜಾನೆ ಸತ್ತದ್ದು ನಾರುವಷ್ಟು ಹೊತ್ತು ಉಳಿಯುತ್ತಿರಲಿಲ್ಲ.

ನಮ್ಮವರು ಸರಕಾರಿ ದನದ ಡಾಕ್ಟರು. ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗ್ಗದ ಸಪ್ಪಳ ಕೇಳುತ್ತ ಓದಿ, ಆ ಮನೆತನದಲ್ಲಿ ಮೊದಲು ಪಗಾರದ ನೌಕರಿ ಹಿಡಿದವರು. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತು, ಊಟದ ಮುಂಚೆ ಕಣ್ಣು ಮುಚ್ಚಿ ಕೈಜೋಡಿಸುವ ರೂಢಿಯನ್ನು ಗಂಡನ ಮನೆಗೂ ತಂದವಳು. ಅತ್ತೆ ಅದನ್ನು ನೋಡಿ, "ಏ ಸುಮಾ, ಅನ್ನ ಆರತೈತಿ, ನಿಮ್ಮ ಸಿಸ್ಟರ್‌ಗೆ ಆಮ್ಯಾಲ ನಮಸ್ಕಾರ ಮಾಡ" ಎನ್ನುತ್ತಿದ್ದರು. ಮನೆಯ ಮಗ್ಗ ನಿಂತ ಮೇಲೆ ಅವರೂ ಬಾದಾಮಿಗೆ ನಮ್ಮ ಜೊತೆ ಬಂದಿದ್ದರು. ದವಾಖಾನೆಯ ಹಿಂದೆಯೇ ನಮ್ಮ ಕ್ವಾರ್ಟರ್ಸು. ಮಾಳಿಗೆ ಹತ್ತಿದರೆ ಎದುರಿಗೆ ಗುಡ್ಡ ಗೋಡೆಯ ಹಾಗೆ ನಿಂತಿತ್ತು. ಮುಂಜಾನೆಯ ಬಿಸಿಲಿಗೆ ಅದು ಆಗತಾನೇ ಕಾಯಿಸಿದ ಇಟ್ಟಂಗಿಯ ಬಣ್ಣ, ಮಳೆ ಬಂದರೆ ಹಸಿ ಬೆಲ್ಲದ ಬಣ್ಣ. ನಡುನಡುವೆ ಕಲ್ಲಿನ ಚಾಚುಗಳ ಕೆಳಗೆ ಉದ್ದುದ್ದ ಬಿಳಿ ಪಟ್ಟೆಗಳು. ಬಂದ ಹೊಸದರಲ್ಲಿ ನಾನು, "ಅಷ್ಟು ಮ್ಯಾಲ ಹೋಗಿ ಸುಣ್ಣ ಯಾರ ಚೆಲ್ಲ್ಯಾರ್ರೀ?" ಎಂದು ಕೇಳಿದ್ದೆ. ನಮ್ಮವರು ನಕ್ಕು, "ಅವು ರಣಹದ್ದಿನ ಹಿಕ್ಕಿ. ಎಲ್ಲಿ ಬಿಳಿ ಕಾಣತೈತೋ ಅಲ್ಲಿ ಅವುಗಳ ಮನಿ" ಎಂದಿದ್ದರು.

ಅವರಿಗೆ ಆ ಹಕ್ಕಿಗಳೆಂದರೆ ವಿಪರೀತ ಪ್ರೀತಿ. "ಊರ ಸ್ವಚ್ಛ ಮಾಡೋ ಮುನಸಿಪಾಲ್ಟಿ ಇದು. ಪಗಾರ ಇಲ್ಲ, ಪಿಂಚಣಿ ಇಲ್ಲ, ಸಂಪು ಮುಷ್ಕರ ಇಲ್ಲ" ಎನ್ನುವರು. ದವಾಖಾನೆಯ ಸಿಪಾಯಿ ಹನಮಂತ ಅದಕ್ಕೆ, "ರಜಾನೂ ಇಲ್ರಿ ಸಾಹೇಬ್ರ, ನನ್ನಂಗ" ಎಂದು ಸೇರಿಸುವನು.

ಆ ವರ್ಷದ ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಓಡಿಸುವಾಗ ಊರ ಅಗಸಿ ಬಾಗಿಲ ಹತ್ತಿರ ಒಂದು ಎತ್ತು ಕಲ್ಲಿನ ಮೇಲೆ ಜಾರಿ ಬಿತ್ತು. ಮೊಣಕಾಲು ಊದಿ ಗಡಿಗೆಯಾಗಿತ್ತು. ಕೋಡಿಗೆ ಬಳಿದ ಬಣ್ಣ, ಕೊರಳ ಗೆಜ್ಜೆ, ಹಣೆಯ ಗೊಂಡೆ ಎಲ್ಲ ಹಾಗೇ ಇದ್ದವು. ಎತ್ತು ಮಾತ್ರ ನೆಲಕ್ಕೆ ಗದ್ದ ಊರಿ ಮಲಗಿತ್ತು. ಅದರ ಒಡೆಯ, "ಸಾಹೇಬ್ರ, ನೆಲ ಹಸಿ ಆಗೈತ್ರಿ. ಬಿತ್ತೂ ಹೊತ್ತಿನ್ಯಾಗ ಹಿಂಗ ಮಲಗಿದ್ರ ನನ್ನ ಗತಿ ಏನ್ರಿ?" ಎಂದು ಅಳುಮುಖ ಮಾಡಿದ. ನಮ್ಮವರು ಒಂದು ಸೂಜಿ ಹಾಕಿದರು. ನೋವಿಗೂ ಬಾವಿಗೂ ಆಗುವ ಔಷಧ. ಆ ವರ್ಷಗಳಲ್ಲಿ ನಮ್ಮ ಕಡೆಯ ದನದ ದವಾಖಾನೆಗಳಿಗೆ ಹೊಸದು. ಸಂಜೆಗೆ ಎತ್ತು ಎದ್ದು ನಿಂತು ಮೇವಿಗೆ ಬಾಯಿ ಹಾಕಿತು. ಅಲ್ಲಿಂದ ಮುಂದೆ ಆ ಔಷಧದ ಇಂಗ್ಲಿಷ್ ಹೆಸರು ಯಾರಿಗೂ ಬೇಕಾಗಲಿಲ್ಲ. ಊರವರು ಅದನ್ನು "ಎಬ್ಬಸೂ ಸೂಜಿ" ಎಂದು ಕರೆದರು. ಆಕಳು ಈದು ಬಾವು ಬಂದರೂ ಎಬ್ಬಸೂ ಸೂಜಿ, ಎಮ್ಮೆ ಕುಂಟಿದರೂ ಎಬ್ಬಸೂ ಸೂಜಿ. ಹಳ್ಳಿಯಿಂದ ನಸುಕಿನಲ್ಲೇ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದವರ ಮುಖದ ಮೇಲಿನ ಭರವಸೆ ನೋಡಿ ನನಗೆ ಗಂಡನ ಬಗ್ಗೆ ಹೆಮ್ಮೆ ಎನಿಸುತ್ತಿತ್ತು.

ಅದೇ ಮಳೆಗಾಲದಲ್ಲಿ ನಮ್ಮವರು ಗುಡ್ಡದ ಮೇಲಿನ ಹಕ್ಕಿಗಳು ಕಡಿಮೆಯಾಗಿವೆ ಎನ್ನತೊಡಗಿದ್ದು. ಹನಮಂತನೂ ಹೂಂ ಎಂದ. "ಖರೇ ಐತ್ರಿ. ನಾವು ಸಣ್ಣವರಿದ್ದಾಗ ಸತ್ತ ಎತ್ತಿನ ಮ್ಯಾಲ ಅವು ಕುಂತ್ರ ಎತ್ತ ಕಾಣ್ತಿದ್ದಿಲ್ರಿ. ಈಗ ನಾಕ ಬಂದ್ರ ದೊಡ್ಡದು."

ರೋಗ ಹುಡುಕುವುದೇ ಕೆಲಸವಾದ ಮನುಷ್ಯ. ಇದಕ್ಕೂ ಒಂದು ಕಾರಣ ಕಂಡುಹಿಡಿದರು. ಹಸಿವು. ಮೊದಲೆಲ್ಲ ಸತ್ತ ದನವನ್ನು ಊರ ಹೊರಗೆ ಎಳೆದು ಹಾಕುವ ಕೆಲಸವನ್ನು ಒಂದು ಕೇರಿಯ ಮಂದಿಯ ತಲೆಗೆ ಕಟ್ಟಿದ್ದರು. ಆ ಮಂದಿ ಈಗ ಒಲ್ಲೆವೆಂದು ಬಿಟ್ಟಿದ್ದರು. ಬಿಟ್ಟದ್ದು ನ್ಯಾಯವೇ. ಹಾಗಾಗಿ ರೈತರು ಹೊಲದ ಮೂಲೆಯಲ್ಲೇ ತಗ್ಗು ತೋಡಿ, ಉಪ್ಪು ಹಾಕಿ ಹೂಳುತ್ತಿದ್ದರು. "ಹದ್ದಿಗೆ ಕೂಳಿಲ್ಲ ಸುಮಾ. ಅಷ್ಟ ಇದು. ಕೂಳ ಕೊಟ್ರ ಉಳೀತಾವ" ಎಂದರು ಒಂದು ದಿನ, ಚಹಾದ ಕಪ್ಪನ್ನು ಬಸಿಯ ಮೇಲೆ ಠಣ್ಣೆಂದು ಇಟ್ಟು. ಆ ಸಪ್ಪಳ ನನಗೆ ಈಗಲೂ ಕೇಳುತ್ತದೆ.

ಗುಡ್ಡದ ಹಿಂದೆ, ಹಿಂದೊಮ್ಮೆ ಕಲ್ಲು ತೆಗೆಯುತ್ತಿದ್ದ ಬಯಲು ಹಾಸುಬಂಡೆಯಿತ್ತು. ಮನೆಗಳಿಲ್ಲ, ಬಾವಿಯಿಲ್ಲ. ಅಲ್ಲಿಗೆ ಸತ್ತ ದನ ತರುವುದೆಂದು ನಿಶ್ಚಯವಾಯಿತು. ನಮ್ಮವರು ಎಲ್ಲಿ ಚಿಕಿತ್ಸೆಗೆ ಹೋದರೂ, ಉಳಿಯದ ದನವಿದ್ದರೆ ಒಡೆಯನ ಹೆಗಲ ಮೇಲೆ ಕೈಯಿಟ್ಟು, "ಹೂಳಬ್ಯಾಡ್ರಿ. ನನಗ ಕೊಡ್ರಿ" ಎಂದು ಕೇಳುವರು. ತಮ್ಮ ದನಕ್ಕೆ ಔಷಧ ಹಾಕಿ, ರಾಡಿಯಲ್ಲಿ ಕೂತು ಕಷ್ಟಪಟ್ಟ ಡಾಕ್ಟರಿಗೆ ಯಾರು ಇಲ್ಲ ಎನ್ನುತ್ತಾರೆ? ಯಾರದೋ ಟ್ರ್ಯಾಕ್ಟರಿನ ಟ್ರೇಲರು, ನಾಲ್ಕು ಜನರ ಕೈ. ಹನಮಂತ ಮುಂದೆ ನಿಂತು ದಾರಿ ತೋರಿಸುವನು.

"ಸಾಹೇಬ್ರ, ಬೋರ್ಡ್ ಬರಸೂಣೇನ್ರಿ? ಹದ್ದಿನ ಖಾನಾವಳಿ, ಊಟ ತಯಾರೈತಿ, ಅಂತ."

"ಬರಸಲೇ. ಕೆಳಗ, ಉದ್ರಿ ಇಲ್ಲ ಅಂತನೂ ಬರಸು."

ಹೀಗೆ ನಗುನಗುತ್ತ ಶುರುವಾಯಿತು. ದಸರೆಯ ಹೊತ್ತಿಗೆ ಖಾನಾವಳಿಯ ಹೆಸರು ಊರಲ್ಲೆಲ್ಲ ಹಬ್ಬಿತ್ತು. ಹಕ್ಕಿಗಳು ಬಂದವು. ಆಕಾಶದಲ್ಲಿ ಎಲ್ಲೋ ಒಂದು ಚುಕ್ಕೆ, ಆಮೇಲೆ ಇನ್ನೊಂದು. ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಹಾಕುತ್ತ ಇಳಿಯುವವು. ಹತ್ತಿರದಿಂದ ನೋಡಿದರೆ ಚೆಂದವೇನಲ್ಲ. ಬೋಳು ಕೊರಳು, ಭುಜ ಎತ್ತಿಕೊಂಡು ನಡೆಯುವ ನಡಿಗೆ, ಥೇಟ್ ನಮ್ಮ ಕಾನ್ವೆಂಟಿನ ಗೇಟ್ ಕಾಯುತ್ತಿದ್ದ ಮುದುಕನ ಹಾಗೆ. ಆದರೆ ಮೇಲಕ್ಕೆದ್ದರೆ ಅಷ್ಟು ದೊಡ್ಡ ಗುಡ್ಡವೂ ಅವುಗಳ ಕೆಳಗೆ ಸಣ್ಣದಾಗಿ ಕಾಣುತ್ತಿತ್ತು.

ಚಳಿ ಬಿದ್ದಾಗ ಒಂದು ಜೋಡಿ ನಮ್ಮ ಮಾಳಿಗೆಗೆ ನೇರ ಎದುರಿನ ಚಾಚಿನ ಮೇಲೆ ಕಡ್ಡಿ ಸೇರಿಸತೊಡಗಿತು. ನಮ್ಮವರು ಎಲ್ಲಿಂದಲೋ ಒಂದು ಹಳೆಯ ದುರ್ಬೀನು ತಂದರು. ಒಂದು ಕಣ್ಣಿನ ಗಾಜಿನಲ್ಲಿ ಬೂಷ್ಟು ಹಿಡಿದಿತ್ತು. ಅತ್ತೆಗೆ ಮೊದಮೊದಲು ಇದೆಲ್ಲ ಸೇರಲಿಲ್ಲ. "ಹೆಣ ತಿನ್ನೋ ಹಕ್ಕೀನ ಹಿಂಗ ಕೂತ ನೋಡತಾರೇನ? ಅದು ಮನಿ ಮ್ಯಾಲ ಕುಂತ್ರ ಮನೀನ ಬಿಡಬೇಕಾಗ್ತೈತಿ, ಗೊತ್ತೈತಿಲ್ಲ?" ಎಂದು ಗದರಿದರು. ಒಂದು ದಿನ ಮೆಣಸಿನಕಾಯಿ ಹರವಲು ಮಾಳಿಗೆ ಹತ್ತಿದವಳು ನೋಡುತ್ತೇನೆ, ಅತ್ತೆ ಕಟ್ಟೆಗೆ ಮೊಣಕೈ ಊರಿ ದುರ್ಬೀನು ಹಿಡಿದಿದ್ದಾರೆ.

"ಏನ್ ನೋಡಾಕತ್ತೀರಿ ಅತ್ತಿ?"

"ಏನಿಲ್ಲ. ಅಕಿ ಮುಂಜಾನಿಂದ ಎದ್ದಿಲ್ಲ. ತತ್ತಿ ಇಟ್ಟಾಳ ಕಾಣತೈತಿ. ಗಂಡ ಈಗ ಬಂದ, ಬರಿಗೈಲೆ. ಗಂಡಸೂರೆಲ್ಲ ಹಂಗ."

ಆಮೇಲೆ ಅದೇ ಅವರ ದಿನಚರಿಯಾಯಿತು. ಮಗ್ಗದಲ್ಲಿ ಹರಿದ ಎಳೆಯನ್ನು ಕಣ್ಣ ತುದಿಯಲ್ಲೇ ಹುಡುಕಿ ಗಂಟು ಹಾಕಿ ರೂಢಿಯಾದವರು. ನನಗೆ ಕಾಣದ್ದೆಲ್ಲ ಅವರಿಗೆ ಕಾಣುತ್ತಿತ್ತು. ಗಂಡು ಹೆಣ್ಣು ಒಂದರ ನಂತರ ಒಂದು ಕಾವು ಕೂರುವುದನ್ನು ಕಂಡು, "ಇವ ಚಲೋ ಇದ್ದಾನ, ನಿಮ್ಮ ಮಾವನಂಗಲ್ಲ" ಎಂದು ಮಾತು ಬದಲಿಸಿದರು.

ಅಂಥ ಒಂದು ಮಧ್ಯಾಹ್ನ ನಾನು ಅವರಿಗೆ ಡೋಡೊ ಹಕ್ಕಿಯ ಕತೆ ಹೇಳಿದೆ. ಐದನೆಯ ಇಯತ್ತೆಯಲ್ಲಿ ನಮ್ಮ ಸಿಸ್ಟರ್ ಅದರ ಚಿತ್ರವನ್ನು ಬೋರ್ಡಿಗೆ ಅಂಟಿಸಿದ್ದರು. ಸಮುದ್ರದ ನಡುವಿನ ದ್ವೀಪದಲ್ಲಿ ಹಾರಲು ಬಾರದ ದಪ್ಪ ಹಕ್ಕಿ. ಹಡಗಿನವರು ಬಂದರು, ದೊಣ್ಣೆಯಿಂದ ಹೊಡೆದರು, ಅವರ ಹಂದಿ ಇಲಿಗಳು ತತ್ತಿ ತಿಂದವು, ಮುಗಿಯಿತು. ಇನ್ನು ಈ ಲೋಕದಲ್ಲಿ ಎಲ್ಲಿಯೂ ಇಲ್ಲ ಎಂದು ಸಿಸ್ಟರ್ ಹೇಳಿದಾಗ ನಾನು ಡೆಸ್ಕಿನ ಮೇಲೆ ತಲೆಯಿಟ್ಟು ಅತ್ತಿದ್ದೆ. ಎಲ್ಲಿಯೂ ಎಂದರೆ ಎಲ್ಲಿಯೂ?

ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಒಂದೂ ಉಳಸಲಿಲ್ಲಂದ್ರ ಅವರೇನ ಮನಷ್ಯಾರೋ ರಾಕ್ಷಸರೋ? ನಮ್ಮ ಮಂದಿ ಹಂಗಲ್ಲ ಬಿಡು. ಹಸದಾವಂದ್ರ ಕರದು ಹಾಕತೇವಿ."

ಸಂಕ್ರಾಂತಿಗೆ ಸ್ವಲ್ಪ ಮೊದಲು ಹನಮಂತ ಹಾಸುಬಂಡೆಯಿಂದ ಓಡಿ ಬಂದ. ಅಲ್ಲಿ ಒಂದು ಹದ್ದು ಸತ್ತು ಬಿದ್ದಿತ್ತು. ಗಾಯವಿಲ್ಲ, ಗುಂಡಿನ ಗುರುತಿಲ್ಲ. ನಮ್ಮವರು ಅದನ್ನು ದವಾಖಾನೆಯ ಹಿಂದಿನ ಕಟ್ಟೆಯ ಮೇಲಿಟ್ಟು ಕೊಯ್ದರು. ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ. ಒಳಗೆ ಕರುಳು, ಯಕೃತ್ತು ಎಲ್ಲದರ ಮೇಲೂ ಬಿಳಿಯ ಪುಡಿ ಹಿಡಿದಿತ್ತು, ಹಿಟ್ಟು ಜರಡಿ ಹಿಡಿದ ಹಾಗೆ. ಅವರು ಬೆರಳಿನಿಂದ ಉಜ್ಜಿ ನೋಡಿ, ಮೂಸಿ ನೋಡಿ, ತಲೆ ಅಲ್ಲಾಡಿಸಿದರು. "ನಾ ಓದಿದ್ದರಾಗ ಇದಿಲ್ಲ. ಯಾರೋ ವಿಷ ಇಟ್ಟಾರ. ನಾಯಿಗೋ ತೋಳಕ್ಕೋ ಅಂತ ಇಟ್ಟದ್ದನ್ನ ಇದು ತಿಂದೈತಿ." ಒಂದು ತುಣುಕನ್ನು ಬಾಟಲಿಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರಲಿಲ್ಲ.

ಆವತ್ತಿನಿಂದ ಖಾನಾವಳಿಗೆ ಕಟ್ಟುನಿಟ್ಟು ಬಂತು. "ಗುರತಿಲ್ಲದ ದನ ಒಂದೂ ತರಬ್ಯಾಡ್ರಿ. ನಾ ಕಣ್ಣಾರೆ ನೋಡಿ, ನಾ ಕೈಯಾರೆ ಔಷಧ ಹಾಕಿದ ದನ ಅಷ್ಟ ಅಲ್ಲಿ ಬರಬೇಕು" ಎಂದು ಹನಮಂತನಿಗೆ ತಾಕೀತು ಮಾಡಿದರು. ಹನಮಂತ ಹಾಸುಬಂಡೆಯ ದಾರಿಗೆ ಮುಳ್ಳುಬೇಲಿ ಹಚ್ಚಿದ. ಕಲಬೆರಕೆಯಿಲ್ಲದ ಊಟ ಕೊಡುತ್ತಿದ್ದೇವೆಂದು ನಮಗೆಲ್ಲ ಸಮಾಧಾನವಾಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಅತ್ತೆ ಮಾಳಿಗೆಯಿಂದಲೇ ಕೂಗಿದರು. "ಸುಮಾ, ಬಾ ಇಲ್ಲಿ, ಲಗೂನ ಬಾ! ಕೂಸ ಬಂದೈತಿ!" ಬೂಷ್ಟು ಹಿಡಿದ ಗಾಜಿನ ಪಕ್ಕದ ಚಲೋ ಗಾಜಿನಲ್ಲಿ, ತಾಯಿಯ ಎದೆಯ ಕೆಳಗೆ, ಹಿಂಜಿದ ಹತ್ತಿಯ ಉಂಡೆಯಂಥದೊಂದು ಅಲುಗಿತು. ಅತ್ತೆ ಆ ದಿನ ಮನೆಯಲ್ಲಿ ಅಳವಿ ಪಾಯಸ ಮಾಡಿದರು. ಬಾಣಂತಿಗೆ ಮಾಡುವ ಪಾಯಸ. ನಾವೇ ಕುಡಿದೆವು. ಊಟಕ್ಕೆ ಕುಳಿತ ಮಗನನ್ನು ವಿಚಾರಿಸಿಕೊಂಡರು.

"ತಮ್ಮಾ, ಖಾನಾವಳ್ಯಾಗ ಏನೈತಿ ಈಗ?"

"ಎಲುಬು ಅಷ್ಟ ಉಳದಾವ ಅವ್ವಾ."

"ಬಾಣಂತಿ ಹಸದ್ರ ಕೂಸ ಉಳೀತೈತೇನೋ? ಡಾಕ್ಟರ್ ಅಂತ, ಡಾಕ್ಟರ್! ಏನಾರ ನೋಡ."

ಮರುವಾರವೇ ನಮಗೆ ಹಾಲು ಹಾಕುತ್ತಿದ್ದ ಗಂಗವ್ವನ ಎಮ್ಮೆ ಕೆಚ್ಚಲು ಬಾವು ಬಂದು ಮಲಗಿತು. ನಮ್ಮವರು ಎರಡು ದಿನ ಅಲ್ಲೇ ಹೋಗಿ ಬಂದು ಮಾಡಿದರು. ಎಬ್ಬಸೂ ಸೂಜಿಯನ್ನೂ ಹಾಕಿದರು. ಎಮ್ಮೆ ಒಮ್ಮೆ ಎದ್ದು ನಿಂತು, ಗಂಗವ್ವನ ಕೈ ನೆಕ್ಕಿ, ಮತ್ತೆ ಮಲಗಿದ್ದು ಏಳಲಿಲ್ಲ. ಗಂಗವ್ವ ಅದರ ಹಣೆಗೆ ಅರಿಷಿಣ ಕುಂಕುಮ ಹಚ್ಚಿ ತಾನೇ ಹೇಳಿ ಕಳಿಸಿದಳು. "ಹೂಳೂದಿಲ್ರಿ ಸಾಹೇಬ್ರ. ನಿಮ್ಮ ಬಾಣಂತಿಗೆ ಕೊಡ್ರಿ. ನನ್ನ ಎಮ್ಮಿ ಸುಮ್ನ ಮಣ್ಣಾಗೂದಕ್ಕಿಂತ ಅದರ ಹೊಟ್ಟಿಗರ ಆಗಲಿ." ಟ್ರೇಲರಿನ ಹಿಂದೆ ಅವಳು ಬರಿಗಾಲಲ್ಲಿ ಮುಳ್ಳುಬೇಲಿಯವರೆಗೂ ನಡೆದಳು. ಆ ಸಂಜೆ ದುರ್ಬೀನಿನಲ್ಲಿ ಕಂಡದ್ದು, ಹೊಟ್ಟೆ ತುಂಬಿದ ಹಕ್ಕಿ ಚಾಚಿನ ಮೇಲೆ ಇಳಿದು, ಕೊಕ್ಕು ಬಾಗಿಸಿ ಮರಿಯ ಬಾಯಿಗೆ ಉಣಿಸಿದ್ದು. ಅತ್ತೆ ದುರ್ಬೀನನ್ನು ಗಂಗವ್ವನ ಕಣ್ಣಿಗೆ ಹಿಡಿದರು. "ನೋಡವಾ, ನಿನ್ನ ಎಮ್ಮಿ." ಗಂಗವ್ವ ನೋಡುತ್ತ ನೋಡುತ್ತ ನಕ್ಕಳು. ಕಣ್ಣಲ್ಲಿ ನೀರೂ ಇತ್ತು.

ಅದಾಗಿ ಎರಡನೆಯ ದಿನ ಚಾಚಿನ ಮೇಲಿನ ಹಕ್ಕಿ ತಲೆ ತಗ್ಗಿಸಿ ಕುಳಿತಿತ್ತು. ಕೊರಳು ಸಡಿಲವಾಗಿ ಇಳಿಯುವುದು, ಕೊಕ್ಕು ಎದೆಗೆ ತಾಗುವುದು, ತಟ್ಟನೆ ಎಚ್ಚೆತ್ತು ಎತ್ತುವುದು, ಮತ್ತೆ ಇಳಿಯುವುದು. ನಮ್ಮ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಮುಂಜಾನೆಯ ಚಳಿಗೆ ವಯಸ್ಸಾದ ಸಿಸ್ಟರ್ ಹೀಗೇ ಜಪಮಾಲೆ ಹಿಡಿದು ತೂಕಡಿಸುತ್ತಿದ್ದರು. ನನಗೆ ಅದು ಬಹಳ ಶಾಂತವಾಗಿ ಕಂಡಿತು. "ಪಾಪ, ನಿದ್ದಿ ಬಂದೈತಿ. ಹೊಟ್ಟಿ ತುಂಬೈತಿ" ಎಂದೆ.

ಮರುದಿನ ನಾನು ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ಮಾಳಿಗೆಯ ಮೇಲೆ ಹಾಸಿ ಬ್ಯಾಡಗಿ ಮೆಣಸಿನಕಾಯಿ ಹರವುತ್ತಿದ್ದೆ. ನೆರಳೊಂದು ಮೈಮೇಲೆ ಹಾಯ್ದಿತು. ತಲೆ ಎತ್ತಿದರೆ ಕಟ್ಟೆಯ ಮೇಲೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಆ ಹಕ್ಕಿ. ಅಷ್ಟು ದೊಡ್ಡದೆಂದು ನಾನು ಎಣಿಸಿರಲಿಲ್ಲ. ಉಗುರು ಕಲ್ಲಿಗೆ ಕೆರೆಯುವ ಸಪ್ಪಳ ಕೇಳುತ್ತಿತ್ತು. ಕಣ್ಣಿನ ಮೇಲೆ ಬಿಳಿಯ ಪೊರೆ ಬಂದು ಬಂದು ಹೋಗುತ್ತಿತ್ತು. ಹಿಂದೆ ಮೆಟ್ಟಿಲಲ್ಲಿ ಅತ್ತೆ ಚೀರಿದರು. ದಿನವೂ ಯಾರ ಸಂಸಾರವನ್ನು ತಮ್ಮದೆಂಬಂತೆ ನೋಡಿದ್ದರೋ ಅದೇ ಹಕ್ಕಿ. ಆದರೆ ಈಗ ಅದು ಮನೆಯ ಮೇಲೆ ಕುಳಿತ ಹದ್ದು.

"ಇಳಿ ಕೆಳಗ! ಮನಿ ಕೀಲಿ ಹಾಕು! ಒಂದ ತಾಸ ಇರಬಾರದು ಇನ್ನ ಇಲ್ಲಿ!"

ಹಕ್ಕಿ ಕೊರಳನ್ನು ಒಮ್ಮೆ ಇಳಿಸಿತು, ಎತ್ತಿತು. ಮತ್ತೆ ಇಳಿಸಿದ್ದನ್ನು ಎತ್ತಲಿಲ್ಲ. ಹಾಗೇ ಮುಂದಕ್ಕೆ ವಾಲಿ ಮೆಣಸಿನಕಾಯಿಯ ಮೇಲೆ ಬಿತ್ತು. ರೆಕ್ಕೆಗಳು ಸೀರೆಯ ದಡಿಯಿಂದ ದಡಿಯವರೆಗೆ ಬಿಚ್ಚಿಕೊಂಡವು.

ನಮ್ಮವರು ಬಂದು ಅದರ ಪಕ್ಕ ಮೊಣಕಾಲೂರಿ ಕುಳಿತರು. ಈ ಹಕ್ಕಿಯನ್ನು ಕೊಯ್ಯಲಿಲ್ಲ. ಅದೇ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಹೂತು ಬಂದರು. ಅಷ್ಟರಲ್ಲಿ ಅತ್ತೆ ಗಂಟುಮೂಟೆ ಕಟ್ಟಿದ್ದರು. ನಾನು ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. "ನನಗ ಹಕ್ಕಿ ಮ್ಯಾಲ ಸಿಟ್ಟಿಲ್ಲ. ಆದ್ರ ಮನಿಗೆ ಕೇಡ ಬರತೈತಿ, ಸುಮಾ. ನಿಮ್ಮಿಬ್ಬರಿಗೆ ಏನಾರ ಆದ್ರ?" ಎಂದು ಅಳುತ್ತ ಇಳಕಲ್ ಬಸ್ಸು ಹತ್ತಿದರು. ಅವರ ಮನಸ್ಸಿಗಾಗಿ ನಾವೂ ಮನೆಗೆ ಕೀಲಿ ಹಾಕಿ, ಸ್ವಾಮಿಗಳು ಬಂದು ಶಾಂತಿ ಮಾಡುವವರೆಗೆ ದವಾಖಾನೆಯ ಔಷಧದ ಕೋಣೆಯಲ್ಲಿ ಸ್ಟೋವ್ ಹಚ್ಚಿಕೊಂಡು ಇದ್ದೆವು. ನನ್ನ ಹಾಸಿಗೆಯ ಪಕ್ಕದ ಕಪಾಟಿನಲ್ಲಿ ಎಬ್ಬಸೂ ಸೂಜಿಯ ಸಣ್ಣ ಬಾಟಲಿಗಳು ಸಾಲಾಗಿದ್ದವು. ಟ್ರೇಲರು ಹಾಯ್ದರೆ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು.

ಚಾಚಿನ ಮೇಲಿನ ಇನ್ನೊಂದು ಹಕ್ಕಿ ಕೆಲವು ದಿನ ಬಂದು ಹೋಗಿ ಮಾಡಿತು. ಆಮೇಲೆ ಅದೂ ತಲೆ ತಗ್ಗಿಸಿ ಕುಳಿತುಕೊಂಡಿತು. ಈ ಸಲ ನಾನು ಶಾಂತವಾಗಿದೆ ಎನ್ನಲಿಲ್ಲ. ಅದು ಗುಡ್ಡದಿಂದ ಎಲ್ಲಿ ಬಿತ್ತೋ ನೋಡಲಿಲ್ಲ. ಒಂದು ಮುಂಜಾನೆ ಇರಲಿಲ್ಲ, ಅಷ್ಟೇ. ಮರಿ ಚಾಚಿನ ಅಂಚಿಗೆ ಬಂದು ಬಾಯಿ ತೆರೆಯತೊಡಗಿತು.

ನಮ್ಮವರು ಆ ಮರಿಯನ್ನಾದರೂ ಉಳಿಸಬೇಕೆಂದು ಹಟ ಹಿಡಿದರು. ಕಲ್ಲು ಒಡೆಯುವ ಇಬ್ಬರನ್ನು, ಹನಮಂತನನ್ನು ಕರೆದುಕೊಂಡು ಗುಡ್ಡದ ನೆತ್ತಿಯಿಂದ ಹಗ್ಗ ಇಳಿಬಿಟ್ಟರು. ಮೇಲಿನ ಬಂಡೆ ಮುಂದಕ್ಕೆ ಚಾಚಿಕೊಂಡಿತ್ತು. ಇಳಿದವನು ಗಾಳಿಯಲ್ಲಿ ತೂಗಾಡಿದನೇ ಹೊರತು ಚಾಚಿಗೆ ಕಾಲು ತಾಗಲಿಲ್ಲ. ಬುಟ್ಟಿಯಲ್ಲಿ ಕುರಿಮಾಂಸದ ತುಂಡು ಇಳಿಸಿದರು. ಬುಟ್ಟಿ ಬಂಡೆಗೆ ಬಡಿದು ಮಾಂಸ ಕೆಳಗೆ ಬಿತ್ತು, ನಾಯಿಗಳು ಎತ್ತಿಕೊಂಡು ಹೋದವು. ಕೆಳಗೆ ನಿಂತ ಮಂದಿ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. ಕತ್ತಲಾಗುವ ಮುಂಚೆ ಹನಮಂತ ಸಾಹೇಬರ ಕೈಯಿಂದ ಹಗ್ಗ ಬಿಡಿಸಿಕೊಂಡ. "ಸಾಕ್ರಿ ಸಾಹೇಬ್ರ. ನೀವ ಬಿದ್ದೀರಿ."

ಹೋಳಿಯ ಹಲಗೆ ಬಾರಿಸುವ ದಿನಗಳಲ್ಲಿ ಚಾಚಿನ ಮೇಲೆ ಹತ್ತಿಯ ಉಂಡೆಯಂಥದು ಅಲುಗದೆ ಬಿದ್ದಿತ್ತು. ಗಾಳಿ ಬೀಸಿದಾಗ ಮಾತ್ರ ತುಪ್ಪಳ ಏಳುತ್ತಿತ್ತು. ಅದೇ ದಿನ ಇಳಕಲ್ಲಿನಿಂದ ದವಾಖಾನೆಗೆ ಅತ್ತೆಯ ಫೋನು ಬಂತು.

"ತಮ್ಮಾ, ಆರಾಮ ಇದ್ದೀರಿಲ್ಲೋ? ಅದು... ಕೂಸ ಹೆಂಗೈತಿ?"

ನಮ್ಮವರು ಕಿಟಕಿಯ ಹೊರಗೆ ಗುಡ್ಡ ನೋಡುತ್ತ, "ಹಾರಿ ಹೋತವ್ವಾ" ಎಂದರು.

"ಚಲೋ ಆತು. ತಾಯಿಲ್ಲದ್ರೂ ಹಾರಿತಲ್ಲ" ಎಂದು ಆಕಡೆಯಿಂದ ಕೇಳಿಸಿತು. ಮುಂದೆ ಮೂರು ವರ್ಷ ಬದುಕಿದ್ದ ಅತ್ತೆ, ನೆರೆಮನೆಯ ಮಗ್ಗದ ಹೆಂಗಸರಿಗೆ ಆ ಮರಿಯ ಸುದ್ದಿ ಹೇಳುತ್ತಲೇ ಇದ್ದರು. ಈಗ ದೊಡ್ಡದಾಗಿರಬೇಕು, ಕೂಡಲಸಂಗಮದ ಹೊಳೆಯ ಮೇಲೆ ಹಾರುತ್ತಿರಬೇಕು, ತಾನೂ ಒಂದು ಮರಿ ಮಾಡಿರಬೇಕು. ನಮ್ಮವರಿಗೆ ಹುನಗುಂದಕ್ಕೆ ವರ್ಗವಾಗಿ ನಾವೂ ಇಳಕಲ್ಲಿಗೆ ಬಂದ ಮೇಲೆ, ನಾನು ಪಕ್ಕದಲ್ಲಿ ನೆರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಹೂಂ ಎನ್ನುತ್ತಿದ್ದೆ.

ಆಮೇಲೂ ನಾವು ಇಳಕಲ್ಲಿನ ಆ ಮನೆಯಲ್ಲೇ ಇದ್ದೆವು. ಅತ್ತೆ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ಒಂದು ಸಂಜೆ ನಾನು ರಾಜಗಿರಿ ಸೊಪ್ಪು ಸೋಸುತ್ತ ಕುಳಿತಿದ್ದೆ. ಬಾಗಲಕೋಟೆಯ ನವನಗರದಲ್ಲಿ ಡಾಕ್ಟರುಗಳ ಸಭೆಗೆ ಹೋಗಿದ್ದ ನಮ್ಮವರು ಬಂದು, ಬೂಟು ಕಳಚದೆ, ಪಡಸಾಲೆಯ ಕಂಬಕ್ಕೆ ಒರಗಿ ನಿಂತರು. ಅವರು ಬೂಟು ಹಾಕಿಕೊಂಡು ಎಂದೂ ಒಳಗೆ ಬಂದವರಲ್ಲ.

"ಸುಮಾ, ಆ ಬಿಳಿ ಪುಡಿ ಏನಂತ ಗೊತ್ತಾತು."

ನಾನು ಸೊಪ್ಪು ಕೆಳಗಿಟ್ಟೆ.

"ಎಬ್ಬಸೂ ಸೂಜಿ. ಸಾಯೂ ಮುಂದ ದನಕ್ಕ ಅದನ್ನ ಹಾಕಿದ್ರ ಅದರ ಮಾಂಸದಾಗ ಉಳೀತೈತಿ. ಹದ್ದ ಅದನ್ನ ತಿಂದ್ರ ಮೂತ್ರಪಿಂಡ ಸುಟ್ಟು ಹೋಗ್ತಾವ. ಒಳಗೆಲ್ಲ ಸುಣ್ಣ ಹಿಡದಂಗ ಆಗ್ತೈತಿ. ಎಲ್ಲಾ ಕಡೆ ಹಿಂಗ ಸತ್ತಾವಂತ, ದೇಶದಾಗೆಲ್ಲ."

"ಅಂದ್ರ ಗಂಗವ್ವನ ಎಮ್ಮಿ..." ಎಂದೆ.

"ನಾ ಔಷಧ ಹಾಕಿದ ದನ ಅಷ್ಟ ತರ್ರಿ ಅಂದೆ. ಬ್ಯಾರೆ ಒಂದೂ ಬ್ಯಾಡ ಅಂದೆ." ಅವರ ದನಿ ಏರಲಿಲ್ಲ. ರೋಗಿಯ ಲಕ್ಷಣ ಹೇಳುವ ದನಿಯಲ್ಲೇ ಹೇಳಿದರು. "ಹಸದಿದ್ರ ಎಲ್ಲ್ಯಾರ ಹೋಗಿ ಬದಕತಿದ್ದೂವೇನೋ. ನಾವು ಕರದು ಕರದು ಹಾಕಿದ್ವಿ."

ಹೊರಗೆ ಯಾರೋ ಕೂಗಿದರು. "ಸಾಹೇಬ್ರ ಬಂದಾರೇನ್ರಿ? ಎತ್ತ ಬಿದ್ದೈತ್ರಿ. ಎಬ್ಬಸೂ ಸೂಜಿ ಹಾಕಬೇಕಿತ್ರಿ." ನಮ್ಮವರು ಚೀಲ ಎತ್ತಿಕೊಂಡು ಹೊರಟರು. ಬೇರೆ ಔಷಧ ಹಾಕಿದರು; ಎತ್ತು ತಡವಾಗಿ ಎದ್ದಿತು; ರೈತನಿಗೆ ಸಮಾಧಾನವಾಗಲಿಲ್ಲ. ಹುನಗುಂದದ ಸಾಹೇಬರ ಕೈಗುಣ ಹೋಯಿತೆಂದು ಅಲ್ಲಿ ಇಲ್ಲಿ ಮಾತು ಬಂತು.

ಅತ್ತೆ ಹೆದರಿದ್ದು ಹಕ್ಕಿಯಿಂದ ಮನೆಗೆ ಕೇಡು ಬಂದೀತೆಂದು. ಕೇಡು ಹೋದದ್ದು ಮನೆಯಿಂದ ಹಕ್ಕಿಗೆ. ಡೋಡೊ ಹಕ್ಕಿಯ ಪಾಠದಲ್ಲಿ ಸಿಸ್ಟರ್ ತೋರಿಸಿದ ಚಿತ್ರದಲ್ಲಿ ಗಡ್ಡದವರು ದೊಣ್ಣೆ ಎತ್ತಿದ್ದರು; ಯಾರು ಕೊಂದರೆಂದು ಐದನೆಯ ಇಯತ್ತೆಯ ಹುಡುಗಿಗೂ ತಿಳಿಯುವಂತಿತ್ತು. ನಮ್ಮ ಚಿತ್ರ ಬರೆದರೆ ಅದರಲ್ಲಿ ಏನಿರುತ್ತದೆ? ಅರಿಷಿಣ ಕುಂಕುಮ ಹಚ್ಚಿದ ಎಮ್ಮೆ, ಅಳವಿ ಪಾಯಸ, ಬೂಷ್ಟು ಹಿಡಿದ ದುರ್ಬೀನು. ಗಂಗವ್ವನಿಗೆ ನಾವು ಇದನ್ನು ಎಂದೂ ಹೇಳಲಿಲ್ಲ.

ಮುಂದೆ ಸರಕಾರ ದನಗಳಿಗೆ ಆ ಔಷಧ ಕೊಡುವುದನ್ನು ನಿಲ್ಲಿಸಿತು. ಉತ್ತರದಲ್ಲೆಲ್ಲೋ ದೊಡ್ಡ ಪಂಜರಗಳಲ್ಲಿ ರಣಹದ್ದುಗಳನ್ನು ಸಾಕುತ್ತಾರಂತೆ, ಔಷಧ ತಾಗದ ಮೇಕೆಯ ಮಾಂಸ ಹಾಕಿ ಮರಿ ಮಾಡಿಸುತ್ತಾರಂತೆ ಎಂದು ನಮ್ಮವರು ಪೇಪರು ಓದಿ ಹೇಳುವರು. ಹೇಳಿ ಪೇಪರು ಮಡಚಿ ಇಡುವರು.

ಕಾರಿನಿಂದ ಇಳಿದು ಹೋದವರು ಎಷ್ಟು ಹೊತ್ತಾದರೂ ಬಾರದ್ದರಿಂದ ನಾನೂ ಇಳಿದೆ. ಬದುವಿನ ಆಚೆ ಹೊಟ್ಟೆ ಉಬ್ಬಿದ ಎಮ್ಮೆಯೊಂದು ಕಾಲು ಚಾಚಿ ಬಿದ್ದಿತ್ತು. ನೊಣಗಳ ಸದ್ದು ದೂರಕ್ಕೇ ಕೇಳುತ್ತಿತ್ತು. ಎರಡು ನಾಯಿಗಳು ನಮ್ಮನ್ನು ಕಂಡು ಗುರುಗುಟ್ಟಿ ಸರಿದವು. ನಮ್ಮವರು ಹೊಲದ ಒಡೆಯನೊಂದಿಗೆ ಮಾತಾಡುತ್ತಿದ್ದರು.

"ಎಂದ ಸತ್ತೈತಿ?"

"ಮೊನ್ನಿ ನಸಿಕಿನ್ಯಾಗ್ರಿ. ಭಾಳ ಮಾಡಿದ್ವಿ. ಎಬ್ಬಸೂ ಸೂಜಿನೂ ಹಾಕಿಸಿದ್ವಿ."

"ದನಕ್ಕ ಅದು ಬಂದ್ ಆಗೈತಲ್ಲ?"

"ಮನಷ್ಯಾರ ಔಷಧದ ಅಂಗಡ್ಯಾಗ ಸಿಗತೈತ್ರಿ, ಅದನ್ನ ತಂದ್ವಿ. ಆದ್ರೂ ಏಳಲಿಲ್ಲ."

"ಹೂಳಪಾ ಇದನ್ನ. ತಗ್ಗ ತೋಡಿ ಹೂಳು."

"ನೆಲದಾಗ ಬರೇ ಕಲ್ಲೈತ್ರಿ. ನಾಯಿ ತಿಂತಾವ ಬಿಡ್ರಿ."

"ಹದ್ದ ತಿಂದ್ರ ಸಾಯ್ತಾವೋ."

ಆ ಮನುಷ್ಯ ನಮ್ಮವರ ಮುಖ ನೋಡಿದ. ತಲೆ ಎತ್ತಿ ಒಂದು ಸುತ್ತು ಆಕಾಶ ನೋಡಿದ. ಕುಚೋದ್ಯವೇನೂ ಇರಲಿಲ್ಲ, ಹಿರಿಯರೊಬ್ಬರಿಗೆ ಏನೋ ಮರೆತಿದೆ ಎಂಬಂತೆ ಮೆಲ್ಲಗೆ ಹೇಳಿದ. "ಎಲ್ಲಿ ಅದಾವ್ರೀ ಹದ್ದು? ನನ್ನ ಮಕ್ಕಳು ಇನ್ನೂ ನೋಡೇ ಇಲ್ರಿ."

ನಮ್ಮವರು ಬದುವಿನ ಮೇಲಿದ್ದ ಸಲಿಕೆ ಎತ್ತಿಕೊಂಡು ತಾವೇ ಅಗೆಯತೊಡಗಿದರು. ನಿವೃತ್ತಿಗೆ ಹತ್ತಿರ ಬಂದ ಮೈ. ನಾಲ್ಕು ಏಟಿಗೆ ಏದುಸಿರು ಬಂತು. ಆ ಮನುಷ್ಯನಿಗೆ ಸಂಕೋಚವಾಗಿ ಸಲಿಕೆ ಕಸಿದುಕೊಂಡ, ನಮ್ಮ ಡ್ರೈವರೂ ಬಂದ. ಮೊಣಕಾಲು ಆಳಕ್ಕೆ ಕಲ್ಲು ಸಿಕ್ಕಿತು. ಅಷ್ಟಕ್ಕೇ ಎಮ್ಮೆಯನ್ನು ಉರುಳಿಸಿ, ಮಣ್ಣು ಎಳೆದು, ಮೇಲೆ ಕಲ್ಲು ಪೇರಿಸಿದರು. ಎಲ್ಲ ಮುಗಿದ ಮೇಲೂ ಒಂದು ಕೋಡಿನ ತುದಿ ಹೊರಗೆ ಉಳಿದಿತ್ತು. ನಮ್ಮವರು ಒಂದು ಅಗಲ ಕಲ್ಲು ಹುಡುಕಿ ತಂದು ಅದರ ಮೇಲಿಟ್ಟರು. ಹಿಂದೆ ಸರಿದು ನೋಡಿದರು. ಇನ್ನೊಂದು ಕಲ್ಲು ಇಟ್ಟರು.

"ಮ್ಯಾಲಿಂದ ಕಾಣಂಗಿಲ್ಲಲ್ಲ, ಸುಮಾ?" ಎಂದು ಕೇಳಿದರು.

ಗುಡ್ಡದ ಚಾಚಿನ ಕೆಳಗಿನ ಬಿಳಿ ಪಟ್ಟೆಗಳನ್ನು ಇಷ್ಟು ವರ್ಷಗಳ ಮಳೆ ತೊಳೆದು ಹಾಕಿತ್ತು. ಅದರಾಚೆ ಬರೀ ಮೋಡಗಳಿದ್ದವು.

"ಇಲ್ರಿ," ಎಂದೆ. "ಕಾಣಂಗಿಲ್ಲ."